ತಲೆಗೆ ಪೆಟ್ಟು: ರಕ್ತ ಒಸರಿದ್ದು ಎಲ್ಲಿಂದ?



ಬಚ್ಚಲುಮನೆಯಲ್ಲಿ ಬಿದ್ದ ಹಿರಿಯರೊಬ್ಬರು ಮರುದಿನ ಲಿಂಗೈಕ್ಯರಾದರೆ ಮನೆಯವರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ತಲೆಗೆ ಪೆಟ್ಟು ಬಿತ್ತು, ಒಳಗೆ ರಕ್ತಸ್ರಾವವಾಯಿತು." ಸಾಂತ್ವನ ಹೇಳಲು ಬಂದವರು ಇದನ್ನು ಕೇಳಿ ತಲೆದೂಗುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ವೈದ್ಯನ ಪಾಲಿಗೆ ಮಾತು ಆರಂಭವಾಗುವುದೇ ಅಲ್ಲಿಂದ. ಒಳಗೆ ಎಂದರೆ ಎಲ್ಲಿ? ಯಾವ ನಾಳದಿಂದ? ಬಿದ್ದುದರಿಂದ ರಕ್ತ ಸೋರಿತೋ, ರಕ್ತ ಸೋರಿದುದರಿಂದಲೇ ಬಿದ್ದರೋ? ತಲೆಬುರುಡೆಯೊಳಗೆ ರಕ್ತ ಒಸರುವ ಸ್ಥಾನಗಳು ಹಲವಿವೆ. ಒಂದು ಸ್ಥಾನದಲ್ಲಿ ಸೇರಿದ ರಕ್ತವನ್ನು ಸಕಾಲದಲ್ಲಿ ಹೊರತೆಗೆದರೆ ರೋಗಿ ತಾನೇ ನಡೆದು ಮನೆಗೆ ಬರಬಲ್ಲನು. ಇನ್ನೊಂದು ಸ್ಥಾನದಲ್ಲಿ ನಾಳ ಹರಿದರೆ ಆಸ್ಪತ್ರೆ ಎದುರಿಗೇ ಇದ್ದರೂ ಉಳಿಸುವುದು ಕಷ್ಟ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ.

ಈ ವಿಷಯವನ್ನು ಬರೆಯಬೇಕೆಂಬ ಯೋಚನೆ ನಮ್ಮಲ್ಲಿ ಮೂಡಿದ್ದು 2022ರ ಜುಲೈ ತಿಂಗಳಲ್ಲಿ. ನಮ್ಮ ಉಲ್ಲಾಳಕ್ಕೆ ಸಮೀಪದ ಜ್ಞಾನಜ್ಯೋತಿ ನಗರದಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ತರುಣನೊಬ್ಬ ಎದುರಾಳಿಯ ಹೊಡೆತಕ್ಕೆ ಕಣದಲ್ಲಿಯೇ ಕುಸಿದು, ಆಸ್ಪತ್ರೆಯಲ್ಲಿ ಕೆಲವು ದಿನಗಳಲ್ಲಿ ಅಸುನೀಗಿದ. ಆ ವಾರವೆಲ್ಲ ನಮ್ಮ ಚಿಕಿತ್ಸಾಲಯಕ್ಕೆ ಬಂದ ತಾಯಂದಿರು ಕೇಳಿದ ಪ್ರಶ್ನೆ ಒಂದೇ ಬಗೆಯದು: "ಕೈಗವಸು ಹಾಕಿಕೊಂಡು ಹೊಡೆದ ಒಂದು ಗುದ್ದಿಗೆ ಜೀವ ಹೋಗುವುದುಂಟೇ?" ಹೋಗುವುದುಂಟು. ಅದು ಹೇಗೆಂದು ತಿಳಿಯಬೇಕಾದರೆ ತಲೆಯ ಒಳರಚನೆಯನ್ನು ಸ್ವಲ್ಪ ನೋಡಬೇಕು.

ಮಿದುಳು ಬುರುಡೆಯ ಮೂಳೆಗೆ ನೇರವಾಗಿ ತಾಗಿಕೊಂಡಿಲ್ಲ. ಮೂಳೆಯ ಒಳಮೈಗೆ ಅಂಟಿದಂತೆ ತೊಗಲಿನಷ್ಟು ಗಟ್ಟಿಯಾದ ಒಂದು ಪೊರೆಯಿದೆ. ಅದರ ಒಳಗೆ ಜೇಡರ ಬಲೆಯಂತಹ ತೆಳುವಾದ ಎರಡನೆಯ ಪೊರೆ. ಮಿದುಳಿನ ಮೈಗೆ ಒದ್ದೆಬಟ್ಟೆಯಂತೆ ಅಂಟಿಕೊಂಡಿರುವುದು ಮೂರನೆಯದು. ಎರಡನೆಯ ಮತ್ತು ಮೂರನೆಯ ಪೊರೆಗಳ ನಡುವೆ ತಿಳಿನೀರಿನಂತಹ ದ್ರವವಿದ್ದು, ಮಿದುಳು ಅದರಲ್ಲಿ ತೇಲುತ್ತಿರುತ್ತದೆ. ರಕ್ತವು ಈ ಪೊರೆಗಳ ಯಾವ ಸಂದಿಯಲ್ಲಿ ಸೇರಿದೆ ಎಂಬುದನ್ನು ನೋಡಿದರೆ ಯಾವ ನಾಳ ಹರಿದಿರಬಹುದೆಂದು ಬಹುಮಟ್ಟಿಗೆ ಊಹಿಸಬಹುದು. ಬುರುಡೆ ಮುಚ್ಚಿದ ಪೆಟ್ಟಿಗೆ. ಪ್ರೌಢರಲ್ಲಿ ಅದರ ಒಳಾವಕಾಶ ಸುಮಾರು ಒಂದೂವರೆ ಲೀಟರ್. ಹೊಸದಾಗಿ ಸೇರಿದ ರಕ್ತಕ್ಕೆ ಅಲ್ಲಿ ಜಾಗವಿಲ್ಲ. ಮೊದಲು ದ್ರವ ಹೊರಗೆ ಸರಿಯುತ್ತದೆ, ಅನಂತರ ಮಿದುಳೇ ಪಕ್ಕಕ್ಕೆ ಸರಿಯುತ್ತದೆ, ಕೊನೆಗೆ ಉಸಿರಾಟವನ್ನು ನಡೆಸುವ ಮಿದುಳಕಾಂಡ ಬುಡದ ರಂಧ್ರದಲ್ಲಿ ಸಿಲುಕಿ ನಲುಗುತ್ತದೆ. ಜೀವ ಹೋಗುವುದು ರಕ್ತ ನಷ್ಟವಾದುದರಿಂದಲ್ಲ, ಒತ್ತಡದಿಂದ.

ಮೊದಲ ಸ್ಥಾನ ಮೂಳೆಗೂ ಗಟ್ಟಿಪೊರೆಗೂ ನಡುವಿನದು. ಕಣ್ಣಿನ ಹೊರಮೂಲೆಗೂ ಕಿವಿಗೂ ನಡುವೆ, ಸ್ವಲ್ಪ ಮೇಲಕ್ಕೆ ಬೆರಳಿಟ್ಟು ನೋಡಿ. ಬುರುಡೆಯಲ್ಲಿ ಮೂಳೆ ಬಹಳ ತೆಳುವಾಗಿರುವ ಜಾಗಗಳಲ್ಲಿ ಇದೊಂದು. ಆ ಮೂಳೆಯ ಒಳಮೈಯಲ್ಲಿ ಗೀರಿದಂತಿರುವ ಕಾಲುವೆಯೊಂದರಲ್ಲಿ ಪೊರೆಗಳಿಗೆ ರಕ್ತ ಒಯ್ಯುವ ಅಪಧಮನಿ ಹಾದುಹೋಗುತ್ತದೆ. ಮೂಳೆ ಬಿರುಕುಬಿಟ್ಟರೆ ನಾಳವೂ ಹರಿಯುತ್ತದೆ. ಆಯುರ್ವೇದ ಓದಿದವರಿಗೆ ಈ ಜಾಗ ಚಿರಪರಿಚಿತ. ಸುಶ್ರುತಸಂಹಿತೆಯ ಶಾರೀರಸ್ಥಾನವು 107 ಮರ್ಮಗಳನ್ನು ಎಣಿಸಿ, ಅವುಗಳಲ್ಲಿ 37 ಕೊರಳಿನಿಂದ ಮೇಲಿವೆ ಎನ್ನುತ್ತದೆ. ಹುಬ್ಬಿನ ಕೊನೆಯ ಮೇಲೆ, ಕಿವಿಗೂ ಹಣೆಗೂ ನಡುವೆ ಇರುವ ಶಂಖಮರ್ಮವನ್ನು ಅದು ಸದ್ಯಃಪ್ರಾಣಹರ, ಅಂದರೆ ಏಳು ದಿನಗಳ ಒಳಗೆ ಪ್ರಾಣ ತೆಗೆಯುವಂಥದು ಎಂಬ ಗುಂಪಿನಲ್ಲಿ ಇರಿಸುತ್ತದೆ. ಒಳಗಿನ ಆ ನಾಳ ಪ್ರಾಚೀನರಿಗೆ ಗೊತ್ತಿತ್ತೆಂದು ನಾವು ವಾದಿಸುವುದಿಲ್ಲ. ಅಂತಹ ವಾದಗಳಿಂದ ನಮ್ಮ ಶಾಸ್ತ್ರಕ್ಕೆ ಗೌರವವೇನೂ ಹೆಚ್ಚುವುದಿಲ್ಲ. ಆ ಜಾಗಕ್ಕೆ ಪೆಟ್ಟು ಬಿದ್ದವರು ಹೇಗೆ ಸಾಯುತ್ತಾರೆಂಬುದನ್ನು ಅವರು ಕಣ್ಣಾರೆ ಕಂಡು ಬರೆದಿಟ್ಟರು. ಅಷ್ಟೇ ದೊಡ್ಡ ಸಂಗತಿ.

ಈ ಬಗೆಯ ರಕ್ತಸ್ರಾವದ ವಂಚನೆ ಏನೆಂದರೆ, ಪೆಟ್ಟು ಬಿದ್ದವನು ಒಮ್ಮೆ ಮಂಕಾದರೂ ಎದ್ದು ಕೂರುತ್ತಾನೆ, ಮಾತನಾಡುತ್ತಾನೆ, "ನನಗೇನೂ ಆಗಿಲ್ಲ" ಎನ್ನುತ್ತಾನೆ. ಒಳಗೆ ನಾಳ ಮೂಳೆಯಿಂದ ಪೊರೆಯನ್ನು ಕಿತ್ತುಕೊಂಡು ರಕ್ತ ತುಂಬುತ್ತಲೇ ಇರುತ್ತದೆ. ಕೆಲವು ಗಂಟೆಗಳಲ್ಲಿ ತಲೆನೋವು, ವಾಂತಿ, ತೂಕಡಿಕೆ, ಅನಂತರ ಪ್ರಜ್ಞಾಹೀನತೆ. 2009ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದ ಹಿಮದ ಇಳಿಜಾರಿನಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದರು. ನಗುನಗುತ್ತಾ ಎದ್ದರು, ವೈದ್ಯಕೀಯ ನೆರವು ಬೇಡವೆಂದರು. ಕೆಲ ಗಂಟೆಗಳಲ್ಲಿ ಸ್ಥಿತಿ ಬಿಗಡಾಯಿಸಿ ಎರಡು ದಿನಗಳ ಬಳಿಕ ತೀರಿಕೊಂಡರು. ನ್ಯೂಯಾರ್ಕಿನ ನ್ಯಾಯವೈದ್ಯರು ಶವಪರೀಕ್ಷೆಯ ಬಳಿಕ ಗಟ್ಟಿಪೊರೆಯ ಹೊರಗಿನ ರಕ್ತಸ್ರಾವವೆಂದು ಘೋಷಿಸಿದರು. ನಮ್ಮ ದೇಶದ ಕ್ರಿಕೆಟ್ ಆಟಗಾರ ರಮಣ್ ಲಾಂಬಾ ಅವರ ಕಥೆಯನ್ನು ಹಿರಿಯ ಓದುಗರು ಮರೆತಿರಲಾರರು. 1998ರ ಫೆಬ್ರುವರಿಯಲ್ಲಿ ಢಾಕಾದಲ್ಲಿ ಶಿರಸ್ತ್ರಾಣವಿಲ್ಲದೆ ದಾಂಡಿಗನ ಸಮೀಪದಲ್ಲಿ ನಿಂತು ಕ್ಷೇತ್ರರಕ್ಷಣೆ ಮಾಡುತ್ತಿದ್ದಾಗ ಚೆಂಡು ತಲೆಗೆ ಬಡಿಯಿತು. ಅವರು ಎದ್ದು ತಾವೇ ನಡೆದು ಹೊರಗೆ ಹೋದರು. ಮೂರು ದಿನಗಳಲ್ಲಿ ಇಲ್ಲವಾದರು.

ಮೂಳೆ ಮತ್ತು ಪೊರೆಯ ನಡುವೆ ಸೇರಿದ ರಕ್ತ 30 ಮಿಲಿಲೀಟರ್ ಮೀರಿದರೆ, ರೋಗಿ ಎಚ್ಚರವಾಗಿ ಮಾತನಾಡುತ್ತಿದ್ದರೂ ಶಸ್ತ್ರಕ್ರಿಯೆ ಮಾಡಬೇಕೆಂಬುದು ನರಶಸ್ತ್ರವೈದ್ಯರ ಒಪ್ಪಿತ ನಿಯಮ. ನಾವು ಕಷಾಯಕ್ಕೆ ಅಳೆಯುವ ದೊಡ್ಡ ಚಮಚದಲ್ಲಿ ಅದು ಎರಡು ಚಮಚ ಮಾತ್ರ. ಸಕಾಲದಲ್ಲಿ ಬುರುಡೆಯನ್ನು ತೆರೆದು ಹೆಪ್ಪು ತೆಗೆದು ನಾಳವನ್ನು ಕಟ್ಟಿದರೆ, ಕೆಳಗಿನ ಮಿದುಳಿಗೆ ಬೇರೆ ಗಾಯವಾಗಿರದಿದ್ದಲ್ಲಿ, ವ್ಯಕ್ತಿ ಪೂರ್ಣವಾಗಿ ಚೇತರಿಸಿಕೊಳ್ಳಬಲ್ಲ. ಮರಣಗಳಲ್ಲಿ ಅತ್ಯಂತ ನೋವಿನದು ಇದೇ ಎಂದು ನಮಗೆ ಅನಿಸುತ್ತದೆ, ಏಕೆಂದರೆ ಇದು ತಪ್ಪಿಸಬಹುದಾದದ್ದು.

ಎರಡನೆಯ ಸ್ಥಾನ ಗಟ್ಟಿಪೊರೆಯ ಒಳಗೆ. ಮಿದುಳಿನ ಮೇಲ್ಮೈಯಿಂದ ಹೊರಟ ಸಣ್ಣ ಅಭಿಧಮನಿಗಳು ಸೇತುವೆಯಂತೆ ಹಾದು ನಡುನೆತ್ತಿಯ ಕೆಳಗಿರುವ ದೊಡ್ಡ ರಕ್ತಕಾಲುವೆಯನ್ನು ಸೇರುತ್ತವೆ. ಅವುಗಳ ಒಂದು ತುದಿ ತೇಲುವ ಮಿದುಳಿಗೆ, ಇನ್ನೊಂದು ತುದಿ ಅಲುಗದ ಪೊರೆಗೆ ಕಟ್ಟಿದಂತಿದೆ. ತಲೆ ಥಟ್ಟನೆ ತಿರುಗಿದರೆ ಬುರುಡೆ ತಿರುಗುತ್ತದೆ, ಮಿದುಳು ಕ್ಷಣಕಾಲ ಹಿಂದೆ ಉಳಿಯುತ್ತದೆ, ನಡುವಿನ ಸೇತುವೆ ಹರಿಯುತ್ತದೆ. 1943ರಲ್ಲಿ ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್ಬರ್ನ್ ಎಂಬುವರು ಮಿದುಳಿನ ಆಕಾರದ ಜೆಲಾಟಿನ್ ಮುದ್ದೆಗಳನ್ನು ಮಾಡಿ, ನೇರವಾದ ತಳ್ಳುವಿಕೆಗಿಂತ ತಿರುಗುವಿಕೆಯೇ ಹೆಚ್ಚು ಹಾನಿಕರವೆಂದು ತೋರಿಸಿದರು. ಗದ್ದಕ್ಕೆ ಬಿದ್ದ ಗುದ್ದು ತಲೆಯನ್ನು ತಿರುಗಿಸುವ ಗುದ್ದು. ಕೈಗವಸು ಚರ್ಮವನ್ನೂ ಮೂಗಿನ ಮೂಳೆಯನ್ನೂ ಕಾಯುತ್ತದೆ, ತಿರುಗುವಿಕೆಯನ್ನು ತಡೆಯುವುದಿಲ್ಲ. ಮುಷ್ಟಿಯುದ್ಧದ ಮರಣಗಳಲ್ಲಿ ಹೆಚ್ಚಿನವು ಈ ಸ್ಥಾನದ ರಕ್ತಸ್ರಾವದಿಂದಲೇ ಸಂಭವಿಸುತ್ತವೆ. 1982ರ ನವೆಂಬರ್‌ನಲ್ಲಿ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ದಕ್ಷಿಣ ಕೊರಿಯಾದ ಮುಷ್ಟಿಪಟು ಕಿಮ್ ಡುಕ್ ಕೂ ಹೀಗೆ ಮರಣ ಹೊಂದಿದ ಬಳಿಕ ವಿಶ್ವ ಬಾಕ್ಸಿಂಗ್ ಮಂಡಳಿಯು 15 ಸುತ್ತಿನ ಪಂದ್ಯವನ್ನು 12ಕ್ಕೆ ಇಳಿಸಿತು. ಪಂದ್ಯದ ಅಂಗಳದ ಹೊರಗೆ ಆಂಬುಲೆನ್ಸ್ ನಿಂತಿದೆಯೇ, ವೈದ್ಯರಿದ್ದಾರೆಯೇ, ಹತ್ತಿರದ ನರಶಸ್ತ್ರಚಿಕಿತ್ಸಾ ಆಸ್ಪತ್ರೆಗೆ ಎಷ್ಟು ದೂರ ಎಂದು ಪಾಲಕರು ಕೇಳಿ ತಿಳಿದುಕೊಂಡ ಮೇಲೆಯೇ ಮಕ್ಕಳನ್ನು ಕಣಕ್ಕೆ ಇಳಿಸುವುದು ಲೇಸು.

ಇದೇ ಸ್ಥಾನದ ರಕ್ತಸ್ರಾವಕ್ಕೆ ಮತ್ತೊಂದು ಮುಖವಿದೆ. ನಮ್ಮ ಓದುಗರಲ್ಲಿ ಅರವತ್ತು ದಾಟಿದವರು ಅನೇಕರಿರುವುದರಿಂದ ಇದನ್ನು ವಿವರವಾಗಿ ಹೇಳಬೇಕಾಗಿದೆ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ಸೇತುವೆಯ ನಾಳಗಳು ಎಳೆದು ಕಟ್ಟಿದ ತಂತಿಯಂತೆ ಆಗುತ್ತವೆ. ಕದದ ಚೌಕಟ್ಟಿಗೆ ತಲೆ ತಗುಲಿದರೂ ಸಾಕು, ಒಂದು ನಾಳ ಹರಿದು ರಕ್ತ ಹನಿಹನಿಯಾಗಿ ಒಸರಬಹುದು. ಕುಗ್ಗಿದ ಮಿದುಳಿನ ಸುತ್ತ ಜಾಗವಿರುವುದರಿಂದ ಎರಡು ಮೂರು ವಾರ ಯಾವ ಲಕ್ಷಣವೂ ಕಾಣದು. ಆಮೇಲೆ ಅಜ್ಜನವರು ಒಂದು ಕಾಲನ್ನು ಎಳೆದುಕೊಂಡು ನಡೆಯುತ್ತಾರೆ, ಮೊಮ್ಮಗಳ ಹೆಸರು ಮರೆಯುತ್ತಾರೆ, ಹಗಲೆಲ್ಲ ನಿದ್ದೆ, ಮಾತಿನಲ್ಲಿ ತೊದಲು. ಮನೆಯವರು ಅರಳು ಮರಳು ಎಂದುಕೊಂಡು ಸುಮ್ಮನಾಗುತ್ತಾರೆ. ತಿಂಗಳ ಹಿಂದೆ ತಲೆ ತಗುಲಿಸಿಕೊಂಡದ್ದು ಯಾರಿಗೂ ನೆನಪಿರುವುದಿಲ್ಲ. ಸುಶ್ರುತರು ಬುರುಡೆಯ ಸಂಧಿಗಳಲ್ಲಿರುವ ಐದು ಸೀಮಂತ ಮರ್ಮಗಳನ್ನು ಕಾಲಾಂತರಪ್ರಾಣಹರವೆಂದು ವಿಂಗಡಿಸಿದ್ದಾರೆ. ಅಲ್ಲಿ ಪೆಟ್ಟಾದರೆ ಉನ್ಮಾದ, ಭಯ, ಚಿತ್ತನಾಶ ಕಾಣಿಸಿಕೊಂಡು ಪಕ್ಷ ಅಥವಾ ಮಾಸ ಕಳೆದು ಮರಣವೆಂದು ಅವರು ಹೇಳಿರುವುದನ್ನು ವಿದ್ಯಾರ್ಥಿಗಳಾಗಿದ್ದಾಗ ಉರುಹೊಡೆದ ನಾವು, ಇಂತಹ ಹಿರಿಯರನ್ನು ನೋಡಿದ ಮೇಲೆಯೇ ಅದರ ಅರ್ಥವನ್ನು ಮನಗಂಡೆವು. ಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು ಎಣ್ಣೆಯಂತೆ ಕಪ್ಪಾದ ಹಳೆಯ ರಕ್ತವನ್ನು ಹರಿಯಬಿಟ್ಟರೆ, ಅರಳು ಮರಳೆಂದು ಕೈಬಿಟ್ಟವರು ಮತ್ತೆ ಪೂಜೆಗೆ ತಾವೇ ಹೂ ಬಿಡಿಸುವಂತಾಗುತ್ತಾರೆ. ಹೃದಯಕ್ಕೆಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮುಂತಾದ ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ಸೇವಿಸುವವರಲ್ಲಿ ಈ ಅಪಾಯ ಹೆಚ್ಚು. ಅಂಥವರು ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ತಲೆಗೆ ಪೆಟ್ಟಾದಾಗ ಆ ಮಾತ್ರೆಯ ಹೆಸರನ್ನು ವೈದ್ಯರಿಗೆ ಮೊದಲು ಹೇಳಬೇಕು.

ಬಚ್ಚಲುಮನೆಯ ಪ್ರಶ್ನೆಗೆ ಈಗ ಬರೋಣ. ಬಿದ್ದುದು ಮೊದಲೋ, ಸ್ರಾವ ಮೊದಲೋ? ಇದು ಕುತೂಹಲದ ಪ್ರಶ್ನೆಯಲ್ಲ. ಮನೆಯಲ್ಲಿ ಒಬ್ಬರೇ ಇದ್ದಾಗ ಅತ್ತೆ ಸತ್ತರೆ ಸೊಸೆಯ ಮೇಲೆ ಸಂಶಯ ಬರುತ್ತದೆ. ತೋಟದಲ್ಲಿ ಕೂಲಿಯಾಳು ಸತ್ತರೆ ಮಾಲೀಕನ ಮೇಲೆ ಬರುತ್ತದೆ. ಜಗಳದಲ್ಲಿ ಒಂದು ತಳ್ಳು ತಳ್ಳಿದವನು ಕೊಲೆಗಾರನೆನಿಸಿಕೊಳ್ಳುತ್ತಾನೆ. ಅಪಘಾತ ವಿಮೆಯ ಹಣ ಬರುವುದೂ ಬಾರದಿರುವುದೂ ಇದರ ಮೇಲೆಯೇ ನಿಂತಿದೆ.

ಇದನ್ನು ಬಿಡಿಸುವ ಸುಳಿವುಗಳು ಮಿದುಳಿನಲ್ಲಿಯೇ ಇರುತ್ತವೆ. ನಿಂತಿರುವ ತಲೆಗೆ ದೊಣ್ಣೆಯಿಂದ ಹೊಡೆದರೆ ಸಾಮಾನ್ಯವಾಗಿ ಹೊಡೆದ ಕಡೆಯೇ ಮಿದುಳು ಜಜ್ಜುತ್ತದೆ. ಚಲಿಸುತ್ತಿರುವ ತಲೆ ನೆಲಕ್ಕೆ ಅಪ್ಪಳಿಸಿದರೆ ಎದುರು ಬದಿ ಜಜ್ಜುತ್ತದೆ. ಹಿಂದಕ್ಕೆ ಬಿದ್ದವನ ಹಿಂದಲೆಯ ಚರ್ಮದಲ್ಲಿ ಗಾಯ, ಮಿದುಳಿನ ಮುಂಭಾಗದಲ್ಲಿ ಮತ್ತು ಕಪೋಲದ ಭಾಗದಲ್ಲಿ ಜಜ್ಜುಗಾಯ ಕಂಡರೆ, ಅವನು ಬಿದ್ದುದು ನಿಜವೆಂದು ನ್ಯಾಯವೈದ್ಯರು ತಿಳಿಯುತ್ತಾರೆ. ರಕ್ತದೊತ್ತಡದಿಂದ ತಾನಾಗಿ ನಾಳ ಒಡೆಯುವ ಜಾಗಗಳು ಬೇರೆ. ಮಿದುಳಿನ ಆಳದಲ್ಲಿರುವ ನರಗಂಟುಗಳ ಬಳಿಯ ಕೂದಲೆಳೆಯಂತಹ ನಾಳಗಳು ವರ್ಷಗಟ್ಟಲೆ ಒತ್ತಡ ತಾಳಿ ಒಂದು ದಿನ ಬಿರಿಯುತ್ತವೆ. ಒಳಗೆ ಆಳದಲ್ಲಿ ದೊಡ್ಡ ಹೆಪ್ಪು, ಮೇಲ್ಮೈಯಲ್ಲಿ ಜಜ್ಜುಗಾಯವಿಲ್ಲ, ಹೃದಯದ ಎಡಗೋಡೆ ದಪ್ಪವಾಗಿದೆ ಎಂದಾದರೆ, ಆ ವ್ಯಕ್ತಿ ರಕ್ತ ಒಸರಿದ್ದರಿಂದ ಬಿದ್ದನೆಂದು ಹೇಳುವ ಸಂಭವವೇ ಹೆಚ್ಚು. ತಲೆಯ ಚರ್ಮದ ಗಾಯ ಬಿದ್ದ ನಂತರದ್ದು. ಇಲ್ಲಿ ತಪ್ಪು ಸೊಸೆಯದೂ ಅಲ್ಲ, ಬಚ್ಚಲಿನ ಹಾಸುಗಲ್ಲಿನದೂ ಅಲ್ಲ, ಬಿ.ಪಿ. ಮಾತ್ರೆಯನ್ನು "ಈಗ ಚೆನ್ನಾಗಿದ್ದೇನೆ" ಎಂದು ಬಿಟ್ಟದ್ದು ಕಾರಣವಾಗಿರಬಹುದು.

ಎಲ್ಲಕ್ಕಿಂತ ಕಠಿಣವಾದ ಶೋಧ ಮೂರನೆಯ ಸ್ಥಾನದ್ದು. ಮಿದುಳಿನ ಬುಡದಲ್ಲಿ, ಜೇಡರ ಬಲೆಯ ಪೊರೆಯ ಕೆಳಗೆ, ದ್ರವವೆಲ್ಲ ರಕ್ತವಾಗಿ ನಿಂತಿರುತ್ತದೆ. ಅಲ್ಲಿ ಮಿದುಳಿಗೆ ರಕ್ತ ತರುವ ನಾಳಗಳೆಲ್ಲ ಸೇರಿ ಒಂದು ಬಳೆಯಾಕಾರವಾಗಿವೆ. ವಯಸ್ಕರಲ್ಲಿ ನೂರಕ್ಕೆ ಇಬ್ಬರು ಮೂವರಿಗೆ ಆ ಬಳೆಯ ಕವಲುಗಳಲ್ಲಿ ಹಣ್ಣಿನಂತೆ ಉಬ್ಬಿದ ದುರ್ಬಲವಾದ ಗಂಟು ಇರುತ್ತದೆ. ಬಹುತೇಕರಿಗೆ ಅದು ಜೀವಮಾನದಲ್ಲಿ ತೊಂದರೆ ಕೊಡುವುದಿಲ್ಲ. ಅದು ಒಡೆದಿದ್ದರೆ ಮರಣ ಸಹಜ ರೋಗದಿಂದ. ಪೆಟ್ಟಿನಿಂದ ನಾಳ ಹರಿದಿದ್ದರೆ ಮರಣ ಪೆಟ್ಟಿನಿಂದ. ಕುಡಿದವರ ಜಗಳದಲ್ಲಿ ಒಂದೇ ಏಟಿಗೆ ಒಬ್ಬ ಕುಸಿದು ಸತ್ತಾಗ ನ್ಯಾಯಾಲಯದ ಮುಂದೆ ಬರುವುದು ಈ ಪ್ರಶ್ನೆಯೇ.

2014ರ ನವೆಂಬರ್ 25ರಂದು ಆಸ್ಟ್ರೇಲಿಯಾದ ಸಿಡ್ನಿ ಮೈದಾನದಲ್ಲಿ ಫಿಲಿಪ್ ಹ್ಯೂಸ್ ಎಂಬ 25 ವರ್ಷದ ದಾಂಡಿಗ 63 ಓಟ ಗಳಿಸಿ ಆಡುತ್ತಿದ್ದಾಗ, ಪುಟಿದೆದ್ದ ಚೆಂಡು ಶಿರಸ್ತ್ರಾಣದ ಕೆಳಗೆ, ಎಡಗಿವಿಯ ಕೆಳಗಿನ ಕೊರಳಿಗೆ ಬಡಿಯಿತು. ಅವರು ಮಂಡಿಗೆ ಕೈಯೂರಿ ಕ್ಷಣಕಾಲ ನಿಂತು, ಅನಂತರ ಮುಖ ಕೆಳಗಾಗಿ ಬಿದ್ದರು. ಶಸ್ತ್ರಕ್ರಿಯೆ ನಡೆದರೂ 27ರಂದು ತೀರಿಕೊಂಡರು. ರಕ್ತ ತುಂಬಿದ್ದು ಮಿದುಳಿನ ಸುತ್ತ, ಹರಿದಿದ್ದುದು ಕೊರಳಿನ ನಾಳ. ಬೆನ್ನುಮೂಳೆಯ ಪಕ್ಕದ ರಂಧ್ರಗಳಲ್ಲಿ ದಾರ ಪೋಣಿಸಿದಂತೆ ಮೇಲೇರಿ, ಕೊರಳಿನ ಮೊದಲ ಮಣಿಯ ಮೇಲೆ ಸುತ್ತುಹಾಕಿ ಬುರುಡೆಯನ್ನು ಪ್ರವೇಶಿಸುವ ಒಂದು ಜೊತೆ ಅಪಧಮನಿಗಳಿವೆ. ತಲೆ ಥಟ್ಟನೆ ಓರೆಯಾಗಿ ತಿರುಗಿದಾಗ ಅದು ಎಳೆದು ಹರಿಯಬಹುದು. 2016ರಲ್ಲಿ ಅಲ್ಲಿನ ಮರಣವಿಚಾರಣಾಧಿಕಾರಿಗಳು ಸಾಕ್ಷ್ಯಗಳನ್ನೆಲ್ಲ ಪರಿಶೀಲಿಸಿ, ಯಾರ ಮೇಲೂ ದೋಷ ಹೊರಿಸಲಾಗದೆಂದು ನಿರ್ಣಯಿಸಿದರು. ಗಾಯದ ಮೂಲ ತಿಳಿದುದರಿಂದ ಆದ ಪ್ರಯೋಜನವೂ ಉಂಟು: ಶಿರಸ್ತ್ರಾಣದ ಹಿಂದೆ ಕೊರಳನ್ನು ಮುಚ್ಚುವ ಕಾಪು ಬಂದುದು ಈ ಮರಣದ ನಂತರ. ಪೆಟ್ಟು ಮಿದುಳಿಗೇ ಬಿತ್ತೆಂದು ಬರೆದು ಮುಗಿಸಿದ್ದರೆ ಶಿರಸ್ತ್ರಾಣವನ್ನು ಇನ್ನಷ್ಟು ದಪ್ಪ ಮಾಡುತ್ತಿದ್ದರೇ ಹೊರತು ಕೊರಳಿನ ಕಡೆ ಯಾರೂ ನೋಡುತ್ತಿರಲಿಲ್ಲ.

ಇಂತಹ ಮೂಲವನ್ನು ಹುಡುಕಲು ನ್ಯಾಯವೈದ್ಯರು ಪಡುವ ಶ್ರಮ ಹೊರಗಿನವರಿಗೆ ತಿಳಿಯದು. ಸಾಮಾನ್ಯ ಶವಪರೀಕ್ಷೆಯಲ್ಲಿ ಮಿದುಳನ್ನು ಬುಡದಲ್ಲಿ ಕತ್ತರಿಸಿ ಹೊರತೆಗೆಯುತ್ತಾರೆ. ಕೊರಳಿನ ನಾಳ ಹರಿದಿರಬಹುದೆಂಬ ಶಂಕೆಯಿದ್ದಲ್ಲಿ ಹಾಗೆ ಮಾಡಿದರೆ ಸಾಕ್ಷ್ಯವೇ ಕತ್ತರಿಗೆ ಸಿಗುತ್ತದೆ. ಆದ್ದರಿಂದ ಮೊದಲೇ ಕೊರಳಿನಿಂದ ನಾಳಗಳೊಳಗೆ ಬಣ್ಣದ್ರವವನ್ನು ತುಂಬಿ ಕ್ಷ-ಕಿರಣದಲ್ಲಿ ಅದು ಎಲ್ಲಿ ಸೋರುತ್ತದೆಂದು ನೋಡಬೇಕು, ಇಲ್ಲವೇ ಕೊರಳಿನ ಮಣಿಗಳನ್ನು ಒಂದೊಂದಾಗಿ ಬಿಡಿಸಿ ನಾಳವನ್ನು ಉದ್ದಕ್ಕೂ ಪರೀಕ್ಷಿಸಬೇಕು. ಬುಡದಲ್ಲಿ ಸೇರಿದ ರಕ್ತವನ್ನು ಅದು ಹಸಿಯಾಗಿರುವಾಗಲೇ ನೀರಿನ ಸಣ್ಣ ಧಾರೆಯಿಂದ ತೊಳೆದು, ಬಳೆಯ ಒಂದೊಂದು ಕವಲನ್ನೂ ನೋಡಬೇಕು. ಮಿದುಳನ್ನು ಫಾರ್ಮಲಿನ್‌ನಲ್ಲಿ ಇಟ್ಟ ಮೇಲೆ ಹೆಪ್ಪು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ; ಅದರೊಳಗೆ ಹುದುಗಿದ ಕಡಲೆಗಾತ್ರದ ಗಂಟನ್ನು ಬಿಡಿಸುವುದು ಬಲು ಕಷ್ಟ. ನೀರು, ತಾಳ್ಮೆ, ಒಂದು ಮೃದುವಾದ ಕುಂಚ. ಹರಿಯುವ ನೀರಿನಲ್ಲಿ ಏಳು ರಾತ್ರಿ ಶವವನ್ನಿಟ್ಟು, ಲಾವಂಚದ ಬೇರು, ಕೂದಲು, ಬಿದಿರಿನ ಕುಂಚಗಳಿಂದ ಪದರ ಪದರವಾಗಿ ಉಜ್ಜಿ ಒಳಗನ್ನು ನೋಡಬೇಕೆಂದು ಶಿಷ್ಯರಿಗೆ ವಿಧಿಸಿದ ಸುಶ್ರುತರು ಇದನ್ನು ಕಂಡಿದ್ದರೆ ಮೆಚ್ಚುತ್ತಿದ್ದರೆಂದು ನಾವು ಭಾವಿಸುತ್ತೇವೆ. ಕೊರಳಿನ ಎರಡೂ ಪಾರ್ಶ್ವಗಳಲ್ಲಿ ನಾಲ್ಕು ನಾಲ್ಕರಂತೆ ಎಂಟು ಮಾತೃಕಾ ಸಿರೆಗಳನ್ನೂ ಅವರು ಸದ್ಯಃಪ್ರಾಣಹರ ಗುಂಪಿನಲ್ಲಿಯೇ ಸೇರಿಸಿದ್ದರು.

ಬದುಕಿರುವವರಲ್ಲಿ ಈ ಮೂಲವನ್ನು ಹುಡುಕುವ ಕಣ್ಣು ಸಿ.ಟಿ. ಸ್ಕ್ಯಾನ್. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ತಲೆಯನ್ನು ಈ ಯಂತ್ರದಿಂದ ನೋಡಲಾಯಿತು. ಅದನ್ನು ರೂಪಿಸಿದ ಹೌನ್ಸ್‌ಫೀಲ್ಡ್ ಅವರಿಗೆ 1979ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದಕ್ಕೂ ಮೊದಲು ಶಸ್ತ್ರವೈದ್ಯರು ಕಣ್ಣಿನ ಪಾಪೆಯ ಗಾತ್ರ ನೋಡಿ ಅಂದಾಜಿನಿಂದ ಬುರುಡೆಗೆ ರಂಧ್ರ ಕೊರೆಯುತ್ತಿದ್ದರು. ಹೊಸ ರಕ್ತ ಈ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಮೂಳೆಗಂಟಿ ಮಸೂರದಂತೆ ಉಬ್ಬಿದ್ದರೆ ಪೊರೆಯ ಹೊರಗಿನದು, ಬಿದಿಗೆಯ ಚಂದ್ರನಂತೆ ಬಾಗಿದ್ದರೆ ಪೊರೆಯ ಒಳಗಿನದು. ಎರಡು ಮೂರು ವಾರ ಹಳೆಯ ರಕ್ತ ಮಿದುಳಿನದೇ ಬಣ್ಣಕ್ಕೆ ತಿರುಗಿ ಕಣ್ಣು ತಪ್ಪಿಸಬಲ್ಲದು. ಆದುದರಿಂದ ಹಿರಿಯರ ಹಳೆಯ ಪೆಟ್ಟಿನ ವಿಚಾರವನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಮೊದಲ ಚಿತ್ರದಲ್ಲಿ ಏನೂ ಕಾಣದಿದ್ದರೂ ಲಕ್ಷಣ ಹೆಚ್ಚಿದರೆ ಮತ್ತೆ ತೆಗೆಯಬೇಕಾಗುತ್ತದೆ. "ಹಣ ಕೀಳಲು ಎರಡನೆಯ ಸಲ ತೆಗೆದರು" ಎಂದು ಇಲ್ಲಿ ಗೊಣಗುವುದು ತರವಲ್ಲ.

ಆಯುರ್ವೇದ ವೈದ್ಯರಾದ ನಾವು ಒಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇವೆ. ತಲೆಗೆ ಪೆಟ್ಟಾದ ಮೊದಲ ದಿನಗಳಲ್ಲಿ ನಮ್ಮ ಬಳಿಗೆ ಬರಬೇಡಿ. ನೆತ್ತಿಗೆ ಎಣ್ಣೆ ಹಾಕಿ ತಿಕ್ಕುವುದು, ಮೂಗಿಗೆ ನಸ್ಯ ಬಿಡುವುದು, ಗಾಯಕ್ಕೆ ಕಾಫಿಪುಡಿ ಮೆತ್ತುವುದು, ಮಂಕಾದವನ ಬಾಯಿಗೆ ನೀರೋ ತುಪ್ಪವೋ ಹಾಕುವುದು, ಕತ್ತನ್ನು ಹಿಡಿದು ನೆಟಿಗೆ ತೆಗೆಸುವುದು, ಇವೆಲ್ಲ ಅಪಾಯಕರ. ಮೂಗಿನಿಂದಲೋ ಕಿವಿಯಿಂದಲೋ ತಿಳಿನೀರು ಸೋರುತ್ತಿದ್ದರೆ ಅದು ಮಿದುಳಿನ ದ್ರವವಾಗಿರಬಹುದು, ಹತ್ತಿ ತುರುಕಬಾರದು. ಕ್ಷಣಕಾಲವಾದರೂ ಎಚ್ಚರ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ತಲೆನೋವು ಏರುತ್ತಲೇ ಇದ್ದರೆ, ಕೇಳಿದ್ದನ್ನೇ ಕೇಳುತ್ತಿದ್ದರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಂಡರೆ, ಕೈಕಾಲಿನಲ್ಲಿ ಬಲ ಕುಂದಿದರೆ, ಸೆಳವು ಬಂದರೆ, ಅರವತ್ತು ದಾಟಿದವರಾಗಿದ್ದರೆ, ರಕ್ತ ತೆಳುಗೊಳಿಸುವ ಮಾತ್ರೆ ನುಂಗುವವರಾಗಿದ್ದರೆ, ಕುಡಿದವರಾಗಿದ್ದರೆ, ನೇರವಾಗಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಬೇಕು. ಕುಡಿದವನ ಮಂಪರನ್ನು ಮದ್ಯದ ಮಂಪರೆಂದು ಭಾವಿಸಿ ಮಲಗಿಸಿದ ರಾತ್ರಿಗಳು ಎಷ್ಟೋ ಮನೆಗಳನ್ನು ಹಾಳುಮಾಡಿವೆ. ಬಿದ್ದವನನ್ನು ಎತ್ತುವಾಗ ತಲೆ, ಕೊರಳು, ಬೆನ್ನು ಒಂದೇ ಸರಳರೇಖೆಯಲ್ಲಿರಲಿ. 108ಕ್ಕೆ ಕರೆ ಮಾಡಿ. ನೆರವಾದವನನ್ನು ಪೊಲೀಸರು ಸಾಕ್ಷಿಯಾಗುವಂತೆ ಬಲವಂತ ಮಾಡಬಾರದೆಂಬ ರಕ್ಷಣೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿದೆ. ರಸ್ತೆ ಅಪಘಾತಕ್ಕೆ ಒಳಗಾದವರಿಗೆ ಮೊದಲ 48 ಗಂಟೆಗಳಲ್ಲಿ 25 ಸಾವಿರ ರೂಪಾಯಿವರೆಗಿನ ಚಿಕಿತ್ಸೆಯ ನೆರವನ್ನು ನಮ್ಮ ರಾಜ್ಯ ಸರ್ಕಾರ 2016ರಲ್ಲಿ ಹರೀಶ್ ಸಾಂತ್ವನ ಯೋಜನೆಯ ಹೆಸರಿನಲ್ಲಿ ಆರಂಭಿಸಿತು. ನೆಲಮಂಗಲದ ಬಳಿ ಅಪಘಾತದಲ್ಲಿ ಮಡಿಯುವಾಗಲೂ ತನ್ನ ಅಂಗಗಳನ್ನು ದಾನ ಮಾಡಿರೆಂದು ಬೇಡಿದ ಯುವಕನ ಹೆಸರದು. 2025ರಿಂದ ಕೇಂದ್ರದ ಯೋಜನೆಯಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ತನಕ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಚೇತರಿಸಿಕೊಂಡ ಬಳಿಕ ಉಳಿಯುವ ನಿದ್ರಾಹೀನತೆ, ಮಲಬದ್ಧತೆ, ಕೈಕಾಲಿನ ಬಿಗಿತಗಳಿಗೆ ನಮ್ಮ ಶಾಸ್ತ್ರ ಉಪಕರಿಸಬಲ್ಲದು. ಆಗ ಬನ್ನಿ.

ಇನ್ನು ಉಳಿದಿರುವುದು ಭಕ್ತರು ನಮ್ಮನ್ನು ಪಿಸುಮಾತಿನಲ್ಲಿ ಕೇಳುವ ಪ್ರಶ್ನೆ. ಶವಪರೀಕ್ಷೆಯಾದ ದೇಹಕ್ಕೆ ಕ್ರಿಯಾಸಮಾಧಿ ಹೇಗೆ? ಲಿಂಗಧಾರಿಯ ಕಾಯವನ್ನು ಕೊಯ್ಯಿಸುವುದು ಸರಿಯೇ? ಪೆಟ್ಟಿನಿಂದಾದ ಮರಣ, ಸಂಶಯದ ಮರಣಗಳಲ್ಲಿ ಇದು ಮನೆಯವರ ಇಚ್ಛೆಗೆ ಬಿಟ್ಟ ವಿಷಯವಲ್ಲ. ಹಿಂದಿನ ದಂಡಪ್ರಕ್ರಿಯಾ ಸಂಹಿತೆಯ 174ನೇ ಪ್ರಕರಣ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಪ್ರಕರಣ, ಪೊಲೀಸರಿಗೆ ವಿಚಾರಣೆಯ ಹೊಣೆಯನ್ನು ಹೊರಿಸಿದೆ. ಭಯಕ್ಕೆ ಕಾರಣವಿಲ್ಲ. ತಲೆಯ ಚರ್ಮವನ್ನು ಒಂದು ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯ ಹಿಂದಿನವರೆಗೆ ಬಿಡಿಸುತ್ತಾರೆ. ಮುಖಕ್ಕೆ ಕತ್ತರಿ ಸೋಕುವುದಿಲ್ಲ. ಬುರುಡೆಯ ಮುಚ್ಚಳವನ್ನು ಮತ್ತೆ ಕೂಡಿಸಿ ಹೊಲಿಯುತ್ತಾರೆ, ಹೊಲಿಗೆ ಕೂದಲಿನಲ್ಲಿ ಮರೆಯಾಗುತ್ತದೆ. ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಕರದಲ್ಲಿ ಲಿಂಗವನ್ನಿಟ್ಟು ಕುಳ್ಳಿರಿಸಿ ಸಮಾಧಿ ಮಾಡಲು ಯಾವ ಅಡ್ಡಿಯೂ ಇಲ್ಲ. ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಪರೀಕ್ಷೆ ನಡೆಸಲು 2021ರ ನವೆಂಬರ್‌ನಿಂದ ಕೇಂದ್ರ ಆರೋಗ್ಯ ಸಚಿವಾಲಯ ಅನುಮತಿಸಿದೆ. ಕೊಲೆ, ಆತ್ಮಹತ್ಯೆಯಂತಹ ಶಂಕೆಯ ಪ್ರಕರಣಗಳು ಇದಕ್ಕೆ ಸಾಮಾನ್ಯವಾಗಿ ಹೊರತು.

ಅಂಗದಾನದ ವಿಷಯದಲ್ಲಿಯೂ ಇದೇ ಹಿಂಜರಿಕೆಯಿದೆ. 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ 2021ರ ಜೂನ್ 12ರ ರಾತ್ರಿ ಬೆಂಗಳೂರಿನಲ್ಲಿ ಬೈಕಿನ ಹಿಂಬದಿಯಲ್ಲಿ ಕುಳಿತು ಹೋಗುವಾಗ ಅಪಘಾತಕ್ಕೆ ಒಳಗಾದರು. ತಲೆಗೆ ಬಿದ್ದ ತೀವ್ರ ಪೆಟ್ಟಿನಿಂದ ಮಿದುಳಿನಲ್ಲಿ ರಕ್ತಸ್ರಾವವಾಗಿ, ಶಸ್ತ್ರಕ್ರಿಯೆ ನಡೆದರೂ ಮಿದುಳು ನಿಷ್ಕ್ರಿಯವಾಯಿತು. ಕುಟುಂಬದವರು ಅಂಗಗಳನ್ನು ದಾನ ಮಾಡಿದರು. ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಅಂತ್ಯಕ್ರಿಯೆ ನಡೆಯಿತು. ಮಿದುಳು ನಿಷ್ಕ್ರಿಯವಾಗಿದೆ ಎಂದು ಘೋಷಿಸಲು ನಾಲ್ವರು ವೈದ್ಯರು ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಬೇಕೆಂದು 1994ರ ಕಾಯ್ದೆ ಹೇಳುತ್ತದೆ. ಇದು ಆತುರದ ತೀರ್ಮಾನವಲ್ಲ. ಹಿಂಬದಿ ಸವಾರರಿಗೂ ಶಿರಸ್ತ್ರಾಣ ಕಡ್ಡಾಯವೆಂಬ ನಿಯಮ ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಇದ್ದರೂ, ಉಲ್ಲಾಳದ ಮುಖ್ಯರಸ್ತೆಯಲ್ಲಿ ಬೆಳಿಗ್ಗೆ ಅರ್ಧಗಂಟೆ ನಿಂತು ನೋಡಿದರೆ ಅದು ಯಾರಿಗಾಗಿ ಬರೆದ ನಿಯಮವೋ ಎನಿಸುತ್ತದೆ. ಮಗುವನ್ನು ನಡುವೆ ಕೂರಿಸಿಕೊಂಡ ತಾಯಿಯ ತಲೆ ಬರಿದು, ಮಗುವಿನದೂ ಬರಿದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿ ಡಾ. ಎಸ್. ಕೆ. ಶಂಕರ್ ಅವರ ಮುಂದಾಳತ್ವದಲ್ಲಿ ಆರಂಭವಾದ ಮಿದುಳು ಭಂಡಾರವಿದೆ. ಅಲ್ಲಿ ಸಂಗ್ರಹವಾಗಿರುವ ಮಿದುಳುಗಳಲ್ಲಿ ಅನೇಕವು ರಸ್ತೆ ಅಪಘಾತಗಳಲ್ಲಿ ಮಡಿದವರವು, ದುಃಖದ ನಡುವೆಯೂ ಮನೆಯವರು ಒಪ್ಪಿ ಕೊಟ್ಟವು. ಅಲ್ಲಿಯೇ ಸಾರ್ವಜನಿಕರು ನೋಡಬಹುದಾದ ಸಂಗ್ರಹಾಲಯವೂ ಇದೆ. ಪದವಿಪೂರ್ವ ತರಗತಿಯಲ್ಲಿರುವ ಮಕ್ಕಳನ್ನು, ವಿಶೇಷವಾಗಿ ಹೊಸದಾಗಿ ಬೈಕಿನ ಕೀಲಿ ಕೈಗೆ ಬಂದ ಮಕ್ಕಳನ್ನು, ಒಮ್ಮೆ ಕರೆದುಕೊಂಡು ಹೋಗಿ. ಮಿದುಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಅಲ್ಲಿ ಸಿಗುತ್ತದೆ. ತೂಕ ಒಂದೂಕಾಲು ಕಿಲೋ ಆಸುಪಾಸು. ಫಾರ್ಮಲಿನ್ ಅದನ್ನು ಗಟ್ಟಿಮಾಡಿದೆ. ಜೀವಂತ ಮಿದುಳು ಕೆನೆಮೊಸರಿನಷ್ಟು ಮೃದು.